ವಿಧವೆಮೊಣಕೈ ತಿರುವಿನಲ್ಲಿ ಎದ್ದ ಕಲ್ಲುಗುಪ್ಪೆ

ಇಂದ:
ಸೆಬೆರಿನಾ ತೋಲಾಬ,
ಪಿಕಪ್ ಚಾಲಕಿ (ಸದ್ಯಕ್ಕೆ ನಿಂತಿರುವ),
ತೋಲಾ ಸೇಕಾ ಊರು, ಘಾಟಿಯ ಬುಡ.

ಗೆ:
ಮಾನ್ಯ ಮೇಲ್ವಿಚಾರಕರು,
ಘಾಟಿ ರಸ್ತೆಗಳ ಕಚೇರಿ,
ಡಾಂಬರು ಶುರುವಾಗುವ ಪಟ್ಟಣ.

ವಿಷಯ: ಕಲ್ಲುಗುಪ್ಪೆ ಎದ್ದ ಕಾರಣಕ್ಕೆ ನನ್ನ ಬಾಡಿಗೆ ವಾಹನದ ಪರವಾನಗಿಯನ್ನು ರದ್ದು ಮಾಡದಿರುವ ಬಗ್ಗೆ.

ಉಲ್ಲೇಖ: ೧) ನಮ್ಮ ಬಾಗಿಲಿಗೆ ಅಂಟಿಸಿದ ತಮ್ಮ ನೋಟಿಸು.
೨) ಅದನ್ನು ಆಡು ತಿಂದ ಮೇಲೆ ಅಂಟಿಸಿದ ಎರಡನೆಯ ನೋಟಿಸು.

ಮಾನ್ಯರೇ,

ನಾನು ಆರನೆಯ ತರಗತಿಗೇ ಶಾಲೆ ಬಿಟ್ಟವಳಾದ ಕಾರಣ ಅರ್ಜಿ ಬರೆಯುವ ಕ್ರಮ ತಿಳಿಯದು. ಆದ್ದರಿಂದ ತಮ್ಮ ನೋಟಿಸನ್ನೇ ಎದುರಿಗಿಟ್ಟುಕೊಂಡು, ಅದರಲ್ಲಿ "ಆದ್ದರಿಂದ" ಬಂದ ಕಡೆಯಲ್ಲೆಲ್ಲ ನಾನೂ "ಆದ್ದರಿಂದ" ಹಾಕಿದ್ದೇನೆ. ತಪ್ಪಿದ್ದರೆ ಅದು ಮೂಲದಲ್ಲೇ ಇದೆ ಎಂದು ಭಾವಿಸಬೇಕು.

೧. ನಮ್ಮ ಘಾಟಿಯಲ್ಲಿ ಎರಡು ವಾಹನ ಎದುರಾದರೆ ಹತ್ತುವವರಿಗೆ ದಾರಿ, ಇಳಿಯುವವರು ಹಿಂದಕ್ಕೆ ಸರಿಯಬೇಕು. ಇದು ಕತ್ತೆಗಳ ಕಾಲದಿಂದ ಬಂದ ನಿಯಮ. ಆದರೆ ನನಗೆ ಜನರೊಡನೆ ವಾದ ಮಾಡಲು ಬಾರದು. ಹತ್ತುವಾಗಲೂ ನಾನೇ ಸರಿಯುತ್ತೇನೆ, ಇಳಿಯುವಾಗಲೂ ನಾನೇ. ಆದ್ದರಿಂದ, ತಮ್ಮ ನೋಟಿಸು "ಪ್ರವಾಸಿಗರ ಕಣ್ಮಣಿಯಾದ ರಮ್ಯ ಮಾರ್ಗ" ಎಂದು ಕರೆಯುವ ಈ ರಸ್ತೆಯನ್ನು ನಾನು ಬಹುಪಾಲು ಹಿಂಬದಿಯ ಕನ್ನಡಿಯಲ್ಲೇ ನೋಡಿದ್ದೇನೆ. ಕನ್ನಡಿಯಲ್ಲಿ ಪ್ರಪಾತ ಚೆನ್ನಾಗಿ ಕಾಣುತ್ತದೆ.

೨. ಆಗಸ್ಟ್ ಒಂದರಂದು ಭೂಮಿತಾಯಿಗೆ ಉಣಿಸುವ ದಿನ. ನಮ್ಮ ಅತ್ತೆ ಬಾಸಿಲಿಯಾ ಬೆಳಿಗ್ಗೆ ಜೋಳ, ಒಣಮಾಂಸ, ಅವರೆ ಹಾಕಿ ಬೇಯಿಸಿದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕುಳಿತರು. ಘಾಟಿಯ ನೆತ್ತಿಯಲ್ಲಿರುವ ಹಳೆಯ ಕಲ್ಲುಗುಪ್ಪೆಯ ಬಳಿ ಗುಂಡಿ ತೋಡಿ ಬಡಿಸುವುದು ಉದ್ದೇಶ. ಹಿಂದೆ ಸಂತೆಗೆ ಹೊರಟ ಆಡಿನ ಹಾಲಿನ ಗಿಣ್ಣಿನ ಪೆಟ್ಟಿಗೆಗಳು, ಅವುಗಳ ಮೇಲೆ ಇಬ್ಬರು ಹೆಂಗಸರು.

೩. ವಿಧವೆಮೊಣಕೈ ತಿರುವಿನಲ್ಲಿ ದೋನ್ ಫಾವುಸ್ತೀನೊ ಸೆರ್ಪಾ ಅವರ ಇಟ್ಟಿಗೆ ಲಾರಿ ಇಳಿಯುತ್ತಾ ಎದುರಾಯಿತು. ಅವರು ಕಿಟಕಿಯಿಂದ ತಲೆ ಹಾಕಿ ಹೇಳಿದ್ದು:

"ಹಿಂದಕ್ಕೆ ತಗೋ ಮಗಳೇ. ನಿನಗೇನು ಹೊಸದಾ? ಹುಟ್ಟೋವಾಗ್ಲೂ ಕಾಲು ಮುಂದಾಗಿ ಬಂದೋಳಂತೆ ನೀನು!"

ಗಿಣ್ಣಿನ ಮೇಲಿದ್ದ ಹೆಂಗಸರು ನಕ್ಕರು. ನನ್ನ ಕೈ ಅಭ್ಯಾಸಬಲದಿಂದ ರಿವರ್ಸ್ ಗೇರಿಗೆ ಹೋಯಿತು. ಅತ್ತೆ ಆ ಕೈಯ ಮೇಲೆ ಸೌಟಿನಿಂದ ಹೊಡೆದರು.

"ಬಾಯಿ ಮುಚ್ಚು ಫಾವುಸ್ತೀನೊ. ತಾಯಿಗೆ ಅಂತ ಬೇಯ್ಸಿದ್ದು ಇದು. ಬಡಿಸದೇ ಒಲೆ ಕಡೆ ಹಿಂದಕ್ಕೆ ಹೋದ್ರೆ ವರ್ಷವೆಲ್ಲ ಊರಿಗೇ ಹಸಿವು. ನೀನೇ ಹಿಂದಕ್ಕೆ ಸರಿ."

"ನಾನು ಹೆಂಗ್ ಸರೀಲಿ ದೋನ್ಯಾ? ಮೇಲೆ ಗುಪ್ಪೆ ಹತ್ರ ಕೋಕಾ ಎಲೆ ಇಟ್ಟು, ಹೋಗ್ಬರ್ತೀನಿ ತಾಯೀ ಅಂತ ಅಪ್ಪಣೆ ತಗೊಂಡು ಬಂದಿದೀನಿ. ಅಪ್ಪಣೆ ತಗೊಂಡೋನು ಅದೇ ದಿನ ವಾಪಸ್ ಹೋಗಿ ಬಾಗಿಲು ತಟ್ತಾನಾ? ಅದೂ ಹಿಂಭಾಗ ತೋರಿಸ್ಕೊಂಡು?"

"ನಿನ್ನ ಹಿಂಭಾಗ ಅವಳು ನೋಡದ್ದೇನಲ್ಲ ಬಿಡು."

೪. ಆದ್ದರಿಂದ, ಮಾನ್ಯರೇ, ನಮ್ಮ ಕಡೆಯ ಪದ್ಧತಿಯಂತೆ ಆ ದಿನ ಇಬ್ಬರೂ ಹಿಂದಕ್ಕೆ ಹೋಗುವಂತಿರಲಿಲ್ಲ. ಲಾರಿಯ ಹಿಂದೆ ಪ್ರವಾಸಿಗರ ಕಾರೊಂದು ಬಂದು ನಿಂತಿತು. ನನ್ನ ಹಿಂದೆ ಸೌದೆಯ ಗಾಡಿ ಬಂದು ನಿಂತಿತು. ಹಾರನ್ ಶುರುವಾಯಿತು. ದೋನ್ ಫಾವುಸ್ತೀನೊ ಇಳಿದು ನನ್ನ ಕಿಟಕಿಗೇ ಬಂದರು. "ನಿಮ್ಮತ್ತೆ ಮಾತು ಬಿಡು ಮಗಳೇ, ನೀನು ಹೇಳು. ಹೋಗ್ತೀಯಾ ಇಲ್ವಾ?" ಎಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲ" ಎಂದೆ.

"ಜೋರಾಗಿ ಹೇಳು, ಗಾಳಿ ಇದೆ."

"ಹೋಗಲ್ಲ."

ಹಾರನ್ ನಿಂತಿತು. ನನ್ನ ಧ್ವನಿ ಹಾಗಿದೆ ಎಂದು ಊರಿನವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೋಟಿಸಿನಲ್ಲಿರುವ "ಉದ್ದೇಶಪೂರ್ವಕ ಅಡಚಣೆ" ಎಂಬ ಮಾತು ಇದಕ್ಕೇ ಸಂಬಂಧಿಸಿದ್ದಾದರೆ ಒಪ್ಪಿಕೊಳ್ಳುತ್ತೇನೆ.

೫. ಮಡಕೆ ಆರುತ್ತಿದ್ದ ಕಾರಣ ಅತ್ತೆಯೇ ಇಳಿದು, ಬೆಟ್ಟದ ಮಗ್ಗುಲಲ್ಲಿ ಹಿಮ್ಮಡಿಯಿಂದ ನೆಲ ಕುಟ್ಟಿ, "ಇಲ್ಲಿರೋದೂ ಅವಳೇ ಅಲ್ವಾ? ಮೇಲೇನು ಅವಳ ಅಕ್ಕ ಇದಾಳಾ?" ಎಂದರು. ಆದ್ದರಿಂದ ಅಲ್ಲೇ ಗುಂಡಿ ತೋಡಲಾಯಿತು. ಜೋಳ, ಮಾಂಸ, ಕೋಕಾ ಎಲೆ ಹಾಕಿ, ಹಚ್ಚಿದ ಸಿಗರೇಟು ನೆಟ್ಟು, ಜೋಳದ ಹೆಂಡ ಸುರಿಯಲಾಯಿತು. ಚಾಲಕರು ಕುಡಿದಿದ್ದರೆಂಬ ನೋಟಿಸಿನ ಆರೋಪ ಸರಿಯಲ್ಲ. ಹೆಂಡವನ್ನು ಕುಡಿದದ್ದು ನೆಲ, ನೆಲ ವಾಹನ ಓಡಿಸುವುದಿಲ್ಲ. ಗುಂಡಿ ಮುಚ್ಚಿದ ಮೇಲೆ ಮೊದಲ ಕಲ್ಲು ಇಟ್ಟವಳು ನಾನೇ. ಎರಡನೆಯದು ದೋನ್ ಫಾವುಸ್ತೀನೊ ಅವರ ಇಟ್ಟಿಗೆ.

೬. ತಾಯಿ ಇಲ್ಲಿಗೇ ಬಂದು ಉಂಡದ್ದರಿಂದ ದೋನ್ ಫಾವುಸ್ತೀನೊ ಹಿಂದಕ್ಕೆ ಹೋಗಲು ಇಲ್ಲೇ ಹೊಸದಾಗಿ ಅಪ್ಪಣೆ ಕೇಳಿಕೊಂಡರು, ಹಳೆಯದು ತೀರಿತು. "ಹತ್ತೋರಿಗೆ ದಾರಿ. ಬಾ ಮಹಾರಾಣಿ" ಎಂದು, ಹಿಂದಿದ್ದ ಕಾರಿಗೂ ಸರಿಯಲು ಹೇಳಿ, ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡರು. ಒಂದು ವಾಹನದ ಮುಖ ನನ್ನಿಂದ ದೂರ ಹೋಗುವುದನ್ನು ನಾನು ಅಂದೇ ಮೊದಲು ನೋಡಿದ್ದು. ಮುಂದಿನ ಗಾಜಿನಿಂದ ಬೆಟ್ಟವನ್ನೂ ನೋಡಿದೆ. ಕೆಂಪಿದೆ, ನಡುವೆ ಹಸಿರು ಪಟ್ಟೆಯಿದೆ, ಕಳ್ಳಿಗಳು ಕೈಯೆತ್ತಿ ನಿಂತಿವೆ. ರಮ್ಯ ಎಂಬುದರ ಬಗ್ಗೆ ಕಚೇರಿಯೊಂದಿಗೆ ನನ್ನ ತಕರಾರಿಲ್ಲ.

೭. ಆಮೇಲೆ ಆದದ್ದು ನನ್ನ ಕೈಯಲ್ಲಿರಲಿಲ್ಲ. ಗುಪ್ಪೆ ಕಂಡವರು ಸುಮ್ಮನೆ ಹೋಗುವುದುಂಟೇ? ಸೌದೆಯವರು ಒಂದು ಇಟ್ಟರು. ಪ್ರವಾಸಿಗರು ಫೋಟೊ ತೆಗೆದುಕೊಂಡು ಎರಡು ಇಟ್ಟರು. ಈಗ ಅದು ನನ್ನ ಪಿಕಪ್ಪಿಗಿಂತ ಎತ್ತರವಿದೆ. ಬಸ್ಸನ್ನು ಆ ತಿರುವಿನಲ್ಲಿ ಎರಡು ಸಲಕ್ಕೆ ತಿರುಗಿಸಬೇಕಾಗಿದೆ, ಪ್ರಯಾಣಿಕರು ಇಳಿದು ನಡೆಯುತ್ತಾರೆ, ನಡೆಯುವಾಗ ಖಾಲಿ ಕೈಯಲ್ಲಿ ನಡೆಯುವುದಿಲ್ಲ.

೮. "ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು" ಎಂದು ಆದೇಶವಿದೆ. ತಾಯಿಗೆ ಕೊಟ್ಟ ಕಲ್ಲನ್ನು ಎತ್ತುವವರು ಈ ಕಡೆ ಹುಟ್ಟಿಲ್ಲ. ತಾವು ಕಳಿಸಿದ ಯಂತ್ರದ ಚಾಲಕರೂ ಬಂದರು. ಎಂಜಿನ್ ಆರಿಸಿ, ಟೋಪಿ ತೆಗೆದು, ತಾವೂ ಒಂದು ಇಟ್ಟು ಹೋದರು. ಅಲ್ಲಿರುವ ಅತಿ ದೊಡ್ಡ ಕಲ್ಲು ಅದೇ, ಯಂತ್ರದಿಂದ ಇಟ್ಟದ್ದಾದ ಕಾರಣ.

೯. ಪರವಾನಗಿ ಹೋದರೆ ಗಿಣ್ಣು ಸಂತೆ ಮುಟ್ಟುವುದಿಲ್ಲ, ನಾನು ಮತ್ತೆ ಪಟ್ಟಣದ ಹೋಟೆಲಿನ ತಟ್ಟೆ ತೊಳೆಯಲು ಹೋಗಬೇಕು. ಅಲ್ಲಿ ಕಿಟಕಿಯಿಲ್ಲ. ಅಲ್ಲಿ ಯಾರೂ ನನ್ನನ್ನು "ಹೋಗ್ತೀಯಾ ಇಲ್ವಾ" ಎಂದು ಕೇಳುವುದಿಲ್ಲ, "ಹೋಗು" ಎನ್ನುತ್ತಾರೆ ಅಷ್ಟೇ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಗುಪ್ಪೆಯನ್ನು ಇದ್ದಲ್ಲೇ ಬಿಟ್ಟು ರಸ್ತೆಯನ್ನು ಅದರ ಹಿಂದಿನ ಬೆಟ್ಟದ ಕಡೆಗೆ ಸ್ವಲ್ಪ ಅಗಲ ಮಾಡಿಸಿ, ನನ್ನ ಪರವಾನಗಿಯನ್ನು ಉಳಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ, ಏರುದಾರಿಯಲ್ಲಿರುವ,
ಸೆಬೆರಿನಾ ತೋಲಾಬ

ಲಗತ್ತು:
ಅ) ದೋನ್ ಫಾವುಸ್ತೀನೊ ಅವರ ಹೇಳಿಕೆ: "ಹುಡುಗಿ ಸರಿ. ಅತ್ತೆ ಬಗ್ಗೆ ಏನೂ ಹೇಳಲ್ಲ."
ಆ) ಎರಡನೆಯ ನೋಟಿಸು, ಆಡು ಬಿಟ್ಟಷ್ಟು.
ಇ) ಗಿಣ್ಣು ಒಂದು ಉಂಡೆ. ಇದು ಲಂಚವಲ್ಲ, ಸಂತೆಗೆ ಹೋಗದೆ ಉಳಿದ ಸರಕಿನ ಸಾಕ್ಷ್ಯ.

ವಿ.ಸೂ.: ಕಚೇರಿಯ ನಿಯಮದಂತೆ ಏನನ್ನಾದರೂ ರದ್ದು ಮಾಡಲೇಬೇಕಿದ್ದರೆ, ಪರವಾನಗಿಯಲ್ಲಿ ಹಿಂದಕ್ಕೆ ಓಡಿಸುವ ಭಾಗವನ್ನು ಮಾತ್ರ ರದ್ದು ಮಾಡಬೇಕೆಂದು ವಿನಂತಿ. ಅದಕ್ಕೆ ನನ್ನ ಅಭ್ಯಂತರವಿಲ್ಲ.