ಅಕ್ಕ ಗಂಗೆಯಲ್ಲಿ ಬಿಟ್ಟದ್ದು

ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಬಿಟ್ಟು ಹೋಗಬೇಕೆಂಬ ರೂಢಿಯಿದೆಯಲ್ಲ, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತಿರುವಾಗ ಅದನ್ನು ಆಡಿಕೊಳ್ಳಬಾರದು. ಆದರೂ ಬಾಯಿ ತಡೆಯುವುದಿಲ್ಲ. ಕೇದಾರ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಸಂಕಲ್ಪ ಮಾಡಿಸುವ ಪುರೋಹಿತ ನಾನು. ಹಾಗಲಕಾಯಿ ಕಂಡರೆ ಮುಖ ಸಿಂಡರಿಸುವವರು ಹಾಗಲಕಾಯಿಯನ್ನೇ ಬಿಡುತ್ತಾರೆ. ಹಲ್ಲೆಲ್ಲ ಉದುರಿದ ಒಬ್ಬರು ಕಬ್ಬು ಬಿಟ್ಟರು. ಕಾಫಿ ಬಿಟ್ಟ ಮಹನೀಯರೊಬ್ಬರು ಚಹಾ ಬಿಟ್ಟಿಲ್ಲವಲ್ಲ ಎಂದು ಅಲ್ಲೇ ಸಮಾಧಾನ ಮಾಡಿಕೊಂಡರು. ಕೊನೆಯಲ್ಲಿ ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: "ಇಲ್ಲಿ ಪ್ರಾಣ ಹೋದರೆ ನೇರ ಮೋಕ್ಷ. ಆ ಪುಣ್ಯ ಎಲ್ಲರಿಗೂ ಸಿಗುತ್ತದೆಯೇ!" ಹರಿಶ್ಚಂದ್ರ ಘಾಟಿನ ಕಡೆ ಚಿತೆಯ ಹೊಗೆ ಏಳುತ್ತಿದ್ದರೆ ಮಾತಿಗೆ ಇನ್ನಷ್ಟು ತೂಕ ಬರುತ್ತದೆ.

ಎಮರ್ಜೆನ್ಸಿಯ ವರ್ಷ ಗದಗಿನಿಂದ ನನ್ನ ಅಕ್ಕ ಬಂದಳು. ಗಂಡನಿಲ್ಲ, ಮಕ್ಕಳಿಲ್ಲ, ನನ್ನನ್ನು ಎತ್ತಿ ಆಡಿಸಿದವಳು. ದಮ್ಮಿಗೆಂದು ವರ್ಷಗಳಿಂದ ಸ್ಟಿರಾಯ್ಡ್ ಮಾತ್ರೆ ನುಂಗಿ ನುಂಗಿ ಮುಖ ದುಂಡಗೆ ಊದಿತ್ತು. ನೋಡಿದವರು "ತಮ್ಮನ ಮನೆ ಊಟ ಹಿಡಿಸಿದೆ" ಎನ್ನುತ್ತಿದ್ದರು, ನನ್ನ ಹೆಂಡತಿ ಆ ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಳ್ಳುತ್ತಿದ್ದಳು. ಅಕ್ಕ ಹಾಗಲಕಾಯಿ ಬಿಡುವವರ ಪೈಕಿಯಲ್ಲ. ಉಸಿರು ಕೊಡುವ ಮಾತ್ರೆಗಿಂತ ಪ್ರಿಯವಾದದ್ದು ತನಗೇನಿದೆ ಎಂದು ಯೋಚಿಸಿ, ಅದರ ಶೀಶೆಯನ್ನೇ ಗಂಗೆಗೆ ಹಾಕಿಬಿಟ್ಟಳು. ನಮಗೆ ಅದು ಗೊತ್ತಾದದ್ದು ಆಮೇಲೆ; ಅಂದು ಏನು ಬಿಟ್ಟೆ ಎಂದು ನಾನು ಕೇಳಿದ್ದಕ್ಕೆ, "ಬಿಟ್ಟಿದ್ದು ಬಾಯ್ಬಿಟ್ಟು ಹೇಳಬಾರದೋ" ಎಂದಳು.

ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿದಳು. ವಾಂತಿ, ನಿಂತರೆ ಕಣ್ಣು ಕತ್ತಲೆ. ಒಂದು ಬೆಳಿಗ್ಗೆ ಕರೆದರೆ ಓಗೊಡಲಿಲ್ಲ, ಕೈ ತಣ್ಣಗಿತ್ತು. ಪಕ್ಕದ ಮನೆಯಾಕೆ ಇಣುಕಿ, "ಬಡೀ ಭಾಗ್ಯವಾನ್ ಹೈ" ಎಂದು ಅಕ್ಕನ ಪುಣ್ಯಕ್ಕೆ ಕೈಮುಗಿದು, ಬಾಯಿಗೆ ಗಂಗಾಜಲ ಬಿಡಲು ಹೇಳಿದಳು. ನಾನು ಗಲ್ಲಿಯೆಲ್ಲ ಕೇಳುವಂತೆ ಕೂಗಿದೆ: "ಮೋಕ್ಷ ಯಾರಿಗೆ ಬೇಕ್ರೀ, ರಿಕ್ಷಾ ಕರೀರಿ!" ನಮ್ಮ ಗಲ್ಲಿಗೆ ರಿಕ್ಷಾ ಬರುವುದಿಲ್ಲ. ಅಕ್ಕನನ್ನು ಬೆನ್ನ ಮೇಲೆ ಹೊತ್ತು ಓಡಿದೆ. ಹಿಂದಿನ ದಿನವಷ್ಟೇ ನನ್ನ ಮೋಕ್ಷದ ಮಾತು ಕೇಳಿ ತಲೆದೂಗಿದ್ದ ಯಾತ್ರಿಕರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ಆ ದುಂಡು ಮುಖ ನೋಡಿದ್ದೇ, ಯಾವ ಮಾತ್ರೆ ನಿಲ್ಲಿಸಿದ್ದಾರೆ ಎಂದು ಗದರಿದರು. ಗೂಡಿನಲ್ಲಿದ್ದ ಶೀಶೆ ಕಾಣೆಯಾಗಿದೆಯೆಂದು, ಹಿಂದೆಯೇ ಓಡಿಬಂದಿದ್ದ ಹೆಂಡತಿಗೆ ಆಗ ನೆನಪಾಯಿತು. ಇಂಜೆಕ್ಷನ್ ಚುಚ್ಚಿ, ಸಲೈನ್ ಏರಿಸಿದ ಮೇಲೆ ಅವರು ವಿವರಿಸಿದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಗ್ರಂಥಿಯಿದೆ. ಕೊಲೆಸ್ಟರಾಲ್ ಎಂಬ ಕೊಬ್ಬಿನಿಂದ ಅವು ಆ ಮಾತ್ರೆಯಲ್ಲಿರುವಂಥದೇ ಹಾರ್ಮೋನು ತಯಾರಿಸುತ್ತವೆ. ಕೂಡಿಡಲು ಉಗ್ರಾಣವಿಲ್ಲ, ಮಾಡಿದ್ದು ಮಾಡಿದಂತೆ ರಕ್ತಕ್ಕೆ ಇಳಿಯುತ್ತದೆ. ಮಿದುಳಿನ ಕೆಳಗಿನ ಇನ್ನೊಂದು ಗ್ರಂಥಿ ಅದಕ್ಕೆ ಅಪ್ಪಣೆ ಕೊಡಬೇಕು. ಹೊರಗಿನಿಂದ ಮಾತ್ರೆ ಬರುತ್ತಿದ್ದರೆ ಅಪ್ಪಣೆ ನಿಂತು ಇವು ಸೊರಗುತ್ತವೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. "ಹೆದರಿದಾಗ ಅವು ಇನ್ನೂ ಹೆಚ್ಚು ಮಾಡುತ್ತವೆ. ನಿಮ್ಮಲ್ಲಿ ಈಗ ಧಾರಾಳವಾಗಿರಬೇಕು" ಎಂದರು ನನ್ನನ್ನು ನೋಡಿ. ಇದ್ದಿರಬೇಕು. ನನಗೆ ಮೋಕ್ಷದಲ್ಲಿ ನಂಬಿಕೆಯಿದೆಯೇ ಎಂದು ನನ್ನ ಗ್ರಂಥಿಗಳು ಒಂದು ಮಾತೂ ಕೇಳಿರಲಿಲ್ಲ.

ಕಣ್ಣು ತೆರೆದ ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. "ಕಾಶ್ಯಾಗ ಸಾಯೋ ಯೋಗ ಬಂದಿತ್ತು, ನೀನ ತಪ್ಪಿಸಿದಿ. ಊರ ಮಂದಿಗೆಲ್ಲ ಮೋಕ್ಷ ಹಂಚ್ತೀ, ನನಗ್ಯಾಕ ಕೊಡಲಿಲ್ಲೋ?"

"ನೀ ನನಗ ಬೇಕಾಗಿದ್ದಿ ಅಕ್ಕಾ" ಎಂದೆ.

ಅವಳು ಗದಗಿಗೆ ಹಿಂದಿರುಗಲಿಲ್ಲ. ದಿನಾ ಬೆಳಿಗ್ಗೆ ಮಾತ್ರೆ ನುಂಗುತ್ತಾಳೆ, ನುಂಗುವಾಗ ನನ್ನ ಕಡೆ ಒಂದು ನೋಟ ಎಸೆಯುತ್ತಾಳೆ. ಮೋಕ್ಷದ ಮಾತನ್ನು ನಾನು ಯಾತ್ರಿಕರಿಗೆ ಈಗಲೂ ಹೇಳುತ್ತೇನೆ, ಹೊಟ್ಟೆಪಾಡು ನೋಡಿ. ಹೇಳುವ ಮುಂಚೆ ಮಾತ್ರ, ಮೆಟ್ಟಿಲ ಮೇಲೆ ಅಕ್ಕ ಎಲ್ಲಾದರೂ ಕೂತಿದ್ದಾಳೆಯೇ ಎಂದು ಒಮ್ಮೆ ಹಿಂದಕ್ಕೆ ತಿರುಗಿ ನೋಡಿಕೊಳ್ಳುತ್ತೇನೆ.