ತಿರುಪಮ್ಮನಿಗೆ ಆಸಕ್ತಿಯಿಲ್ಲವೆಂದ ಯಂತ್ರಕ್ಕೆ

ಪ್ರೌಢಶಾಲೆಯ ಗ್ರಂಥಾಲಯದ ಮೂಲೆಯಲ್ಲಿ ವಿರಾಜಮಾನರಾಗಿರುವ ವೃತ್ತಿ ಮಾರ್ಗದರ್ಶಿ ಯಂತ್ರ ಮಹೋದಯರಿಗೆ, ಎದುರು ಬೀದಿಯ ಹೊಲಿಗೆ ಅಂಗಡಿಯವಳು ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಆ ಕ್ಷೇಮಕ್ಕೆ ಕಾರಣ ಯಾರೆಂಬುದು ತಮಗೆ ತಿಳಿದಿಲ್ಲವಾದ್ದರಿಂದ ಈ ಪತ್ರ. ಸಂಗತಿಯನ್ನು ನನಗೆ ಮೊದಲು ಹೇಳಿದವರು ಶಾಲೆಯ ಗಂಟೆ ಹೊಡೆಯುವ ಅಣ್ಣ, ಮೊನ್ನೆ ಮಂಗಳವಾರ ಸಂಜೆ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕಿತ್ತುಹೋದ ಗುಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು. ಅವರು ಸುಳ್ಳು ಹೇಳುವವರಲ್ಲ. ಗಂಟೆ ಐದು ನಿಮಿಷ ತಡವಾದರೂ ತಾವಾಗಿಯೇ ಒಪ್ಪಿಕೊಳ್ಳುವವರು.

ಮೊದಲು ತಮ್ಮ ಗುಣಗಾನ. ನಮ್ಮ ಕಾಲದಲ್ಲಿ ಮಕ್ಕಳು ಮುಂದೇನು ಕಲಿಯಬೇಕೆಂದು ಹೇಳಲು ಚಿಕ್ಕಪ್ಪ, ದೊಡ್ಡಮ್ಮ, ಪಕ್ಕದ ಮನೆಯವರು, ದಾರಿಹೋಕರು ಎಲ್ಲ ಸೇರಿ ವರ್ಷಗಟ್ಟಲೆ ಬಾಯಿ ನೋಯಿಸಿಕೊಳ್ಳಬೇಕಿತ್ತು. ತಾವಾದರೋ ನಲವತ್ತು ಪ್ರಶ್ನೆ ಕೇಳಿ, ಅಂಗೈಯಗಲದ ಚೀಟಿಯಲ್ಲಿ ಇಡೀ ಬಾಳನ್ನು ಉಗುಳಿಬಿಡುತ್ತೀರಿ. ಇರುವೆ ಕಚ್ಚಿದರೂ ಊರು ಒಂದು ಮಾಡುವ ಹುಡುಗನಿಗೆ ಶಸ್ತ್ರಚಿಕಿತ್ಸಕನಾಗು ಎಂದಿರಿ. ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ಬೆವರುವವಳನ್ನು ವಾರ್ತೆ ಓದಲು ಕಳಿಸಿದಿರಿ. ತಮ್ಮ ಧೈರ್ಯ ದೊಡ್ಡದು.

ಇನ್ನು ನನ್ನ ಒಡಹುಟ್ಟಿದ ಅಣ್ಣನ ಮಗಳ ವಿಚಾರ. ಮನೆಯಲ್ಲಿ ಅವಳನ್ನು ತಿರುಪಮ್ಮ ಎನ್ನುತ್ತೇವೆ. ತಲೆಯಲ್ಲಿ ಅವಳು ಸಿಕ್ಕಿಸಿಕೊಳ್ಳುವ ಹೇರ್‌ಪಿನ್ ಕೂದಲಿಗಲ್ಲ, ತಿರುಪು ಬಿಚ್ಚುವುದಕ್ಕೆ. ಎಂಟನೆಯ ವಯಸ್ಸಿನಲ್ಲೇ, ತಮ್ಮ ಬಡಬಂಧುವಾದ ನನ್ನ ಹೊಲಿಗೆ ಯಂತ್ರವನ್ನು ಸರಿಮಾಡಿ, "ಅತ್ತೆ, ಎಣ್ಣೆ ಹಾಕ್ದೆ ಬರೀ ಬೈತಾ ಇದ್ರೆ ಇದು ಹೆಂಗೆ ಓಡುತ್ತೆ?" ಎಂದು ನನ್ನನ್ನೇ ಗದರಿದವಳು. ಲಿಫ್ಟ್ ರಿಪೇರಿ ಕಲಿಯಬೇಕೆಂಬುದು ಅವಳ ಆಸೆ. ತರಬೇತಿ ಕೇಂದ್ರದಲ್ಲಿ ಹನ್ನೆರಡೇ ಜಾಗ, ಅರ್ಜಿಗೆ ಶನಿವಾರ ಕೊನೆಯ ದಿನ, ಜೊತೆಗೆ ತಮ್ಮ ಚೀಟಿ ಇರಲೇಬೇಕು, ಅದೂ ಒಬ್ಬರಿಗೆ ವರ್ಷಕ್ಕೆ ಒಂದೇ.

ಅವಳು ತಮ್ಮೆದುರು ಕುಳಿತು ಹನ್ನೊಂದು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ತಮ್ಮ ಹೊಟ್ಟೆಯಲ್ಲಿ ಗರಗರ ಶಬ್ದವೆದ್ದಿತು. ಹಿಂದಿನ ಹುಡುಗನ ಚೀಟಿಯನ್ನು ತಾವು ಅರ್ಧಕ್ಕೇ ನುಂಗಿ ಕೂತಿದ್ದಿರಿ. "ಮುಟ್ಬೇಡಮ್ಮ, ಕಂಪನಿಯವರು ಬರ್ಲಿ" ಎಂದರು ಗಂಟೆಯ ಅಣ್ಣ. "ಅವ್ರು ಬರೋಷ್ಟರಲ್ಲಿ ನನ್ನ ಮಕ್ಳು ಬಂದು ಇಲ್ಲಿ ಕ್ಯೂ ನಿಂತಿರ್ತಾರೆ ಮಾಮ" ಎಂದವಳೇ ಪಿನ್ನು ತೆಗೆದು ತಮ್ಮ ಹಿಂದಕ್ಕೆ ಹೋದಳು.

ಅವಳು ತಮ್ಮ ಬೆನ್ನು ಬಿಚ್ಚಿ, ಮುದುಡಿದ ಕಾಗದ ಎಳೆದು, ಸಡಿಲವಾದ ಉರುಳೆಯನ್ನು ಬಿಗಿಮಾಡಿದ ಅಷ್ಟೂ ಹೊತ್ತು ತಾವು ಎದುರಿನ ಖಾಲಿ ಕುರ್ಚಿಗೆ ಶ್ರದ್ಧೆಯಿಂದ ಪ್ರಶ್ನೆ ಕೇಳುತ್ತಲೇ ಇದ್ದಿರಿ. ಅರ್ಧ ನಿಮಿಷದಲ್ಲಿ ಉತ್ತರ ಬಾರದಿದ್ದರೆ "ಆಸಕ್ತಿಯಿಲ್ಲ" ಎಂದು ಬರೆದುಕೊಳ್ಳುವುದು ತಮ್ಮ ಪದ್ಧತಿಯಂತೆ. "ಯಂತ್ರದೊಳಗೆ ಏನಿದೆ ಎಂದು ನೋಡುವ ಕುತೂಹಲ ಇದೆಯೇ?" ಎಂದಿರಿ, ಆಗ ಅವಳ ಕೈ ಮೊಣಕೈಯವರೆಗೆ ತಮ್ಮೊಳಗಿತ್ತು. ಆಸಕ್ತಿಯಿಲ್ಲ. "ಕೈ ಕೊಳೆಯಾಗುವ ಕೆಲಸ ಮಾಡುವಿರಾ?" ಆಸಕ್ತಿಯಿಲ್ಲ. ಕೊನೆಗೆ ಅವಳೇ ಸರಿಪಡಿಸಿದ ಆ ಬಾಯಿಂದ, ಒಂದು ಸುಕ್ಕೂ ಇಲ್ಲದ ಚೀಟಿ ಹೊರಬಂತು: "ಕೈಚಳಕ: ಶೂನ್ಯ. ಕುತೂಹಲ: ಶೂನ್ಯ. ತಕ್ಕ ಉದ್ಯೋಗ: ಕಾಯುವ ಕೊಠಡಿಯ ಮೇಲ್ವಿಚಾರಣೆ." ಉಪಕಾರ ಸ್ಮರಣೆ ಎಂದರೆ ಇದು!

ಹುಡುಗಿ ಅಳಲಿಲ್ಲ. ಮನೆಗೆ ಬಂದು, ಕೆಟ್ಟೇ ಇಲ್ಲದ ಟಾರ್ಚನ್ನು ಬಿಚ್ಚುತ್ತಾ, ಜೋಡಿಸುತ್ತಾ, ಮತ್ತೆ ಬಿಚ್ಚುತ್ತಾ ಕುಳಿತಳು. ನನಗೆ ಸಹಿಸಲಾಗದ್ದು ಅದೇ.

ಆದ್ದರಿಂದ ತಾವು ದಯಮಾಡಿ ಕುರ್ಚಿಯಲ್ಲಿ ಕುಳಿತವರ ಕಡೆಗಷ್ಟೇ ಅಲ್ಲದೆ ಒಮ್ಮೊಮ್ಮೆ ಬೆನ್ನ ಹಿಂದಕ್ಕೂ ತಿರುಗಿ ನೋಡಬೇಕು. ಬಿಡುವಿದ್ದಾಗ ವೈರು ಬಿಡಿಸಿಕೊಂಡು, ರಸ್ತೆ ದಾಟಿ ನನ್ನ ಅಂಗಡಿಗೆ ಬಂದು, ಗುಂಡಿ ತೂರಿಸುವ ಒಂದೇ ಒಂದು ಕಾಜಾ ಹೊಲಿದು ತೋರಿಸಬೇಕು. ಕೈಚಳಕದ ಮಾತು ಆಮೇಲೆ ಆಡೋಣ. ಅದೂ ಆಗದಿದ್ದರೆ ತಾವೇ ಒಮ್ಮೆ ಆ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಿ, ತಮಗೆ ತಕ್ಕ ಉದ್ಯೋಗ ಯಾವುದೆಂದು ನಮಗೂ ತಿಳಿಸಬೇಕು.

ತಮ್ಮ ವಿಶ್ವಾಸಿ,
ತಿರುಪಮ್ಮನ ಸೋದರತ್ತೆ

ಅಡಿಮಾತು: ಈ ಪತ್ರವನ್ನು ಗುರುವಾರ ಸಂಜೆ ಕಟ್ಟೆಯ ಮೇಲಿದ್ದವರಿಗೆ ಓದಿ ಹೇಳಿದೆ. ಕೇಳಿದವರೆಲ್ಲ ಮಾರನೆಯ ಬೆಳಿಗ್ಗೆ, ತಿರುಪಮ್ಮ ಸರಿಮಾಡಿಕೊಟ್ಟ ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗೋಡೆ ಗಡಿಯಾರ ಹೊತ್ತು ಮುಖ್ಯೋಪಾಧ್ಯಾಯಿನಿಯ ಮೇಜಿನೆದುರು ಸಾಲಾಗಿ ನಿಂತರು. ಮುಖ್ಯೋಪಾಧ್ಯಾಯಿನಿ ಒಂದೊಂದನ್ನೂ ಓಡಿಸಿ ನೋಡಿ, ಯಂತ್ರ ಮಹೋದಯರ ಚೀಟಿಯ ಬೆನ್ನಿಗೆ, "ಈಕೆ ಉತ್ತರಿಸದಿದ್ದುದು ಪ್ರಶ್ನೆ ಕೇಳುವ ಯಂತ್ರವನ್ನು ರಿಪೇರಿ ಮಾಡುತ್ತಿದ್ದುದರಿಂದ" ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಅರ್ಜಿ ಅವತ್ತೇ ಹೋಯಿತು. ಹತ್ತು ಗಂಟೆಗೆ ತಾವು ಮತ್ತೆ ಕಾಗದ ನುಂಗಿದಿರಂತೆ. ಗಂಟೆಯ ಅಣ್ಣ ತರಗತಿಗೆ ಓಡಿಹೋಗಿ ತಿರುಪಮ್ಮನನ್ನು ಕರೆದರು. ಅವಳು ಕೂತಲ್ಲಿಂದ ಏಳಲಿಲ್ಲ. "ನಂಗೆ ಆಸಕ್ತಿ ಇಲ್ವಂತಲ್ಲ ಮಾಮ. ಕಂಪನಿಯವರು ಬರೋವರ್ಗೂ ಕಾಯೋರನ್ನ ಬೇಕಾದ್ರೆ ನೋಡ್ಕೋತೀನಿ" ಎಂದಳಂತೆ.