ಹುಳು ಒಪ್ಪಿದ ಕಾರು

ಅಂದು ಬೆಳಿಗ್ಗೆ ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಿಬ್ಬೂರಹಳ್ಳಿ ದಾಟುವಷ್ಟರಲ್ಲಿ ಚಾರ್ಜು ಮುಗಿದು ಕಾರು ಎಮ್ಮೆಯ ಹಾಗೆ ರಸ್ತೆಯ ನಡುವೆ ಕೂತುಬಿಡಬಹುದಿತ್ತು. ಬ್ಯಾಟರಿಗೆ ಬೆಂಕಿ ಹತ್ತಬಹುದಿತ್ತು. (ಅಂಥ ವಿಡಿಯೋ ನಾನು ಮೊಬೈಲಿನಲ್ಲಿ ಹದಿನಾರು ನೋಡಿದ್ದೇನೆ. ಅದರಲ್ಲಿ ನಾಲ್ಕು ಒಂದೇ ಕಾರಿನವು ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಹೆದರಿ ಆಗಿತ್ತು.) ಸದ್ದೇ ಇಲ್ಲದ ಗಾಡಿ ಬಂದದ್ದು ತಿಳಿಯದೆ ಕುರಿಮಂದೆಯೊಂದು ಅಡ್ಡ ಬರಬಹುದಿತ್ತು, ಕುರಿಯವನ ಬಾಯಿಗೆ ನಾವು ಸಿಗಬಹುದಿತ್ತು. ಪೊಲೀಸರು ತಡೆದು, 'ಸ್ವಂತ ಕಾರಲ್ಲಿ ಸರಕು ಸಾಗಿಸ್ತೀರೇನ್ರೀ' ಎನ್ನಬಹುದಿತ್ತು. ಚೀಲದೊಳಗಿನ ರೇಷ್ಮೆಗೂಡು ಬಿಸಿಗೆ ಬೆವೆತು ಕೆಡಬಹುದಿತ್ತು. ಐವತ್ತಾರನೇ ವಯಸ್ಸಿನಲ್ಲಿ ಲೈಸೆನ್ಸ್ ಪಡೆದ ಡ್ರೈವರು ಬ್ರೇಕ್ ಎಂದುಕೊಂಡು ಇನ್ನೊಂದನ್ನು ಒತ್ತಬಹುದಿತ್ತು. ನಾನು ಶಾಲಾ ಮೇಷ್ಟ್ರು. ಇಷ್ಟನ್ನೂ ಒಂದು ಹಾಳೆಯಲ್ಲಿ ಅಂಕಿ ಹಾಕಿ ಬರೆದು ಜೇಬಿನಲ್ಲಿಟ್ಟುಕೊಂಡೇ ಹೊರಟಿದ್ದೆ.

ಆ ಡ್ರೈವರು ನಮ್ಮ ಅಕ್ಕ. ಅವಳ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ಬಗೆಯ ಜೀವಿಗಳು: ರೇಷ್ಮೆಹುಳುಗಳು, ಮತ್ತು ರೇಷ್ಮೆಹುಳುಗಳಿಗೆ ತೊಂದರೆ ಕೊಡುವವರು. ಒಡಹುಟ್ಟಿದ ತಮ್ಮನಾದ ನನ್ನನ್ನು ಯಾವ ಬಗೆಗೆ ಸೇರಿಸಿದ್ದಾಳೆ ಎಂದು ಬೇರೆ ಹೇಳಬೇಕೆ?

ಹುಳು ಸಾಕುವವರಿಗೆ ವಾಸನೆಯ ಭಯ ಇದ್ದೇ ಇರುತ್ತದೆ. ಬೀಡಿ ಹೊಗೆ, ಸೆಂಟು, ಔಷಧಿ ಯಾವುದೂ ಹುಳುವಿಗೆ ಆಗದು. ನಮ್ಮಕ್ಕನ ಭಯ ಮಾತ್ರ ಎಲ್ಲರ ಭಯಕ್ಕಿಂತ ನಾಲ್ಕು ಮೆಟ್ಟಿಲು ಮೇಲೆ. ನಾನು ತಲೆಗೆ ಎಣ್ಣೆ ಹಚ್ಚಿದ್ದ ದಿನ ಅವಳ ಹಳ್ಳಿಗೆ ಹೋದರೆ ಅಂಗಳದಲ್ಲೇ ಊಟ. ನನ್ನ ಮದುವೆಯ ದಿನ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಕ್ಕ ಮುಹೂರ್ತಕ್ಕೆ ಸರಿಯಾಗಿ ಬಂದು, ಅಕ್ಷತೆ ಎಸೆದು, ಅದು ನಮ್ಮ ತಲೆ ಮುಟ್ಟುವುದರೊಳಗೆ ಬಸ್ ಸ್ಟ್ಯಾಂಡಿನಲ್ಲಿದ್ದಳು. ಮದುವೆಯ ಫೋಟೋಗಳಲ್ಲಿ ಅವಳ ಬೆನ್ನು ಮಾತ್ರ ಇದೆ.

ಇಂಥವಳಿಗೆ ಕಾರೇಕೆ ಬೇಕಾಯಿತು? ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುತ್ತಿದ್ದವರು ನಮ್ಮ ಭಾವ, ತಮ್ಮದೇ ಲಗೇಜ್ ಆಟೋದಲ್ಲಿ. ಎರಡು ವರ್ಷದ ಹಿಂದೆ ಅವರ ಕಣ್ಣಿನ ನರ ಸೊರಗುತ್ತ ಬಂತು. ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದರು. ಬಿಡಿಸಿದ ಗೂಡನ್ನು ಮನೆಯಲ್ಲಿಟ್ಟುಕೊಂಡು ಕೂರುವ ಹಾಗಿಲ್ಲ, ನಾಲ್ಕು ದಿನ ತಡವಾದರೆ ಒಳಗಿನ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ. ವಿಧಿಯಿಲ್ಲದೆ ಪಕ್ಕದ ಮನೆಯವನ ಆಟೋ ಹೇಳಿದರೆ ಅವನು ಬೀಡಿ ಸೇದುತ್ತಾನೆ. "ಊರೋರ ಹುಳದ ರೋಗ ಎಲ್ಲಾ ಅವನ ಆಟೋದಲ್ಲೇ ಕೂತಿರ್ತದೆ" ಎಂದು ಅಕ್ಕ ಅವನ ಗಾಡಿ ಹೋಗಿಬಂದ ಜಾಗಕ್ಕೆಲ್ಲ ಸುಣ್ಣ ಎರಚುತ್ತಿದ್ದಳು.

ಕೊನೆಗೊಂದು ದಿನ ಭಾವ, "ಸಾಕು ಬಿಡೇ, ಈ ಸಲದ್ದೇ ಕೊನೆ. ಹುಳ ನಿಲ್ಸೋಣ" ಎಂದರು. ಅಕ್ಕ ಕುಡುಗೋಲು ತೆಗೆದುಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದಳು. ಅಲ್ಲಿಂದಲೇ ನನಗೆ ಫೋನು ಮಾಡಿದಳು.

"ನಾನೇ ಕಾರು ಓಡಿಸ್ತೀನಿ ಕಣೋ."

"ಅಕ್ಕಾ, ನಿನಗೆ ಸೈಕಲ್ಲೂ ಬರಲ್ಲ."

"ಅದಕ್ಕೇ ಕಾರು. ಬೀಳಲ್ಲ."

ಡ್ರೈವಿಂಗ್ ಸ್ಕೂಲಿನ ಹಳೆ ಕಾರಿನಲ್ಲಿ ಅವಳ ಎಡಗಾಲು ಹೇಳಿದ್ದನ್ನು ಎಡಗೈ ಕೇಳಲಿಲ್ಲ. ಪೆಟ್ರೋಲಿನ ವಾಸನೆ ಹೋಗಲೆಂದು ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದಳು. ಆಗ ನಂದಿಯ ದ್ರಾಕ್ಷಿ ತೋಟದವರೊಬ್ಬರು ಕರೆಂಟಿನ ಕಾರು ಕೊಂಡ ಸುದ್ದಿ ಬಂತು. ಗೇರಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. "ಹುಳಕ್ಕೇ ಅಂತ ಮಾಡಿದಾರೆ ನೋಡು" ಎಂದಳು. ಆ ಕಂಪನಿಯವರಿಗೆ ಇದು ಗೊತ್ತಿರಲಾರದು.

ಯಾವ ಕಾರು ಬುಕ್ ಮಾಡುವುದು ಎಂದು ನಿರ್ಧರಿಸಲು ನಾನು ಹದಿನೈದು ದಿನ ಕೂತು ಪಟ್ಟಿ ತಯಾರಿಸಿದ್ದೆ. ಎಷ್ಟು ದೂರ ಓಡುತ್ತದೆ, ಎಷ್ಟು ಹೊತ್ತು ಚಾರ್ಜು, ವಾರಂಟಿ ಎಷ್ಟು ವರ್ಷ, ಬೆಂಕಿ ಹತ್ತಿದರೆ ಯಾವ ಬಾಗಿಲಿನಿಂದ ಹಾರುವುದು. ಚಿಕ್ಕಬಳ್ಳಾಪುರದ ಮೊದಲ ಷೋರೂಮಿಗೆ ನಾನು ಆ ಪಟ್ಟಿ ತಂದೆ. ಅಕ್ಕ ತಂದದ್ದು ಒಣಹುಲ್ಲು ತುಂಬಿದ ಎರಡು ಗೂಡಿನ ಚೀಲ, ಜೊತೆಗೆ ಭಾವನನ್ನು.

ಅಲ್ಲಿಯ ಹುಡುಗಿ ನಗುನಗುತ್ತಾ ಬಾಗಿಲು ತೆಗೆದಳು. ಅಕ್ಕ ಒಳಗೆ ತಲೆ ಹಾಕಿ ಮೂಸಿದಳು, ತಲೆ ಹೊರಗೆ ತೆಗೆದಳು.

"ಏನಮ್ಮ ಇದು ವಾಸನೆ?"

"ಹೊಸ ಕಾರಿನ ವಾಸನೆ ಮೇಡಂ. ಎಲ್ಲರಿಗೂ ಇದೇ ಇಷ್ಟ."

"ನಿಮಗಿಷ್ಟ ಕಣಮ್ಮ. ಇದರಲ್ಲಿ ಕೂತೆದ್ದು ನಾನು ಹುಳದ ಮನೆಗೆ ಕಾಲಿಟ್ರೆ ಒಂದೂ ಸೊಪ್ಪು ಮುಟ್ಟಲ್ಲ."

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಜಾಹೀರಾತು ನೋಡಿದೆ.

ಎರಡನೆಯ ಷೋರೂಮಿನ ಕಾರಿಗೆ ಚಾವಣಿಯೆಲ್ಲ ಗಾಜು. "ಮಲಗಿದ್ರೆ ಆಕಾಶ ಕಾಣುತ್ತೆ ಮೇಡಂ" ಎಂದ ಅಲ್ಲಿಯ ಯುವಕ. "ಆಕಾಶ ನಮ್ಮನೇಲೇ ಇದೆಯಲ್ಲಪ್ಪ. ಗೂಡಿನ ಮೇಲೆ ಬಿಸಿಲು ಬಿದ್ರೆ ಏನಾಗ್ತದೆ? ಇದು ಕಾರಾ, ಒಲೇನಾ?" ಅವನು ಸೋಲಲಿಲ್ಲ, ಏಸಿ ಹಾಕಿ ತೋರಿಸಿದ. ಅಕ್ಕನಿಗೆ ಆಸೆ ಹುಟ್ಟಿತು. "ಎಷ್ಟು ಹೇಳಿದ್ರೆ ಅಷ್ಟೇ ಇರ್ತದಾ? ತೇವ ಎಷ್ಟಿಡ್ತದೆ?" ತೇವವೇ ಇರುವುದಿಲ್ಲ ಎಂದು ಅವನು ಹೆಮ್ಮೆಯಿಂದ ಹೇಳಿದ. "ತೇವಾನೇ ಇಲ್ವಂತೆ, ಗೂಡು ಒಣಗಿ ತೂಕ ಇಳೀತದೆ, ನಡೀರಿ" ಎಂದು ಅಕ್ಕ ಚೀಲ ಎತ್ತಿಕೊಂಡಳು.

ಮೂರನೆಯದು ಪುಟ್ಟ ಕಾರು, ಪೆಟ್ಟಿಗೆಗೆ ಚಕ್ರ ಹಚ್ಚಿದ ಹಾಗೆ. ವಾರದಿಂದ ಬಿಸಿಲಿನಲ್ಲಿ ಬಾಗಿಲು ತೆರೆದು ನಿಂತು ಅದರ ವಾಸನೆ ಅರ್ಧ ಹೋಗಿತ್ತು. ಹಿಂದಿನ ಸೀಟು ಮಡಚಿದರೆ ಎರಡು ಚೀಲವೂ ಉಸಿರಾಡುತ್ತ ಕೂತವು. ಕೀ ಕೈಗೆ ಕೊಟ್ಟರೆ ಅಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಗೂಡು ಚೆನ್ನಾಗಿ ಬಲಿತಿದೆಯೇ ಎಂದು ನೋಡುವುದು ಹಾಗೆಯೇ, ಅವಳ ಕೈಗೆ ಬೇರೆ ಪರೀಕ್ಷೆ ಗೊತ್ತಿಲ್ಲ. ಭಾವ ಕಾರಿನ ಮೈಯನ್ನು ಸುತ್ತಲೂ ಸವರುತ್ತ ಬಂದರು.

"ಬಣ್ಣ ಯಾವುದೇ?"

"ಗೂಡಿಂದು."

"ಹಳದಿ ಗೂಡೋ, ಬಿಳಿ ಗೂಡೋ?"

"ಬಿಳೀದು."

"ಹಾಗಾದ್ರೆ ತಗೋ" ಎಂದರು ಭಾವ. ನನ್ನ ಪಟ್ಟಿಯನ್ನು ಯಾರೂ ಕೇಳಲಿಲ್ಲ. ಚೀಲದಿಂದ ಉದುರಿದ ಹುಲ್ಲು ಗುಡಿಸಲು ಅದು ಉಪಯೋಗವಾಯಿತು.

ಬುಕ್ ಮಾಡಿದ್ದಾಯಿತು. ನಾಲ್ಕು ತಿಂಗಳು ಕಾಯಬೇಕು ಎಂದರು. ಅಷ್ಟರಲ್ಲಿ ಅಕ್ಕ ಗೇರಿಲ್ಲದ ಕಾರೊಂದರಲ್ಲಿ ಕಲಿತು, ಇನ್‌ಸ್ಪೆಕ್ಟರ ಎದುರು ಎಂಟು ಹಾಕಿ ತೋರಿಸಿ, ಲೈಸೆನ್ಸನ್ನೂ ಪಡೆದಳು. ಒಂದು ದಿನ ಷೋರೂಮಿನಿಂದ ನನಗೆ ಫೋನು. "ಸಾರ್, ಮೇಡಂಗೆ ಕಾರು ಬೇಡ್ವಾ? ಎಲ್ಲರೂ ಬೇಗ ಕೊಡಿ ಅಂತ ಜಗಳ ಆಡ್ತಾರೆ, ಇವರು ಈಗ ಕಳಿಸಬೇಡಿ ಅಂತ ಬಯ್ತಾರೆ." ನಾನು ಅಕ್ಕನನ್ನು ಕೇಳಿದೆ. "ಹುಳ ನಾಳೆ ಹಣ್ಣಾಗ್ತವೆ ಕಣೋ, ಗೂಡು ಕಟ್ಟೋಕೆ ಬಿಡೋರು ಯಾರು? ಅವು ಚಂದ್ರಿಕೆ ಮೇಲೆ ಹತ್ತಲಿ, ಆಮೇಲೆ ಕಾರು ಬರಲಿ." ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಹೀಗೆ ಕಂಪನಿಯ ಕಾರು ಹುಳುಗಳಿಗಾಗಿ ಎರಡು ದಿನ ಕಾದು ನಿಂತಿತು.

ಕಾರು ಬಂದ ದಿನ ಗೇಟಿನಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಕಾರು ತಂದವನು ನಾಲ್ಕು ಚಕ್ರವನ್ನೂ ಅದರ ಮೇಲೆ ಉರುಳಿಸಬೇಕಾಯಿತು, ಇಳಿದ ಮೇಲೆ ತನ್ನ ಕಾಲನ್ನೂ ಅದ್ದಬೇಕಾಯಿತು. ಪೂಜೆಗೆ ಊದಿನಕಡ್ಡಿ ಇಲ್ಲ, ಕರ್ಪೂರವಿಲ್ಲ. ಒಂದು ಕನಕಾಂಬರದ ಮಾಲೆ, ಎರಡು ನಿಂಬೆಹಣ್ಣು, ಮುಗಿಯಿತು. ಕಂಪನಿಯವರು ಪ್ರೀತಿಯಿಂದ ತೂಗುಹಾಕಿದ್ದ ಸೆಂಟಿನ ಬಾಟಲಿಯನ್ನು ಅಕ್ಕ ಇಕ್ಕಳದಲ್ಲಿ ಹಿಡಿದು ಊರಾಚೆ ಹೂಳಿ ಬಂದಳು.

ಆಮೇಲೆ ಅವಳು ಮಾಡಿದ ಕೆಲಸವಿದೆಯಲ್ಲ, ಅದನ್ನು ಪ್ರಪಂಚದ ಬೇರೆ ಯಾವ ಕಾರಿನ ಒಡತಿಯೂ ಮಾಡಿರಲಾರಳು. ಔಷಧಿ ಹೊಡೆದ ಹುಳುವಿನ ಮನೆಯನ್ನು ಗಾಳಿಗೆ ಬಿಡುವ ಹಾಗೆ, ಕಾರಿನ ನಾಲ್ಕು ಬಾಗಿಲನ್ನೂ ತೆರೆದು ಹೊಂಗೆಮರದ ಕೆಳಗೆ ಮೂರು ದಿನ ಬಿಟ್ಟಳು. ನಾಲ್ಕನೆಯ ದಿನ ಕಾರು ಸತ್ತುಹೋಗಿತ್ತು. ನಾನು ಕಂಪನಿಗೆ ಫೋನು ಮಾಡಿದೆ.

"ಬಾಗಿಲು ಸರಿಯಾಗಿ ಹಾಕಿದ್ರಾ ಸಾರ್? ಎಷ್ಟು ಹೊತ್ತು ತೆಗೆದಿಟ್ಟಿದ್ರಿ?"

"ಮೂರು ದಿನ."

ಆ ಕಡೆಯವನು ಇನ್ನೊಮ್ಮೆ ಕೇಳಿದ, ನಾನು ಇನ್ನೊಮ್ಮೆ ಹೇಳಿದೆ. ಆಮೇಲೆ ತಿಳಿಸಿದ: ಈ ಕಾರುಗಳಲ್ಲಿ ದೊಡ್ಡ ಬ್ಯಾಟರಿಯ ಜೊತೆ ಒಂದು ಪುಟ್ಟ ಬ್ಯಾಟರಿಯೂ ಇರುತ್ತದಂತೆ. ಬಾಗಿಲು ತೆರೆದಿದ್ದರೆ ಒಳಗಿನ ದೀಪ ಉರಿದುರಿದು ಅದು ಖಾಲಿಯಾಗುತ್ತದಂತೆ, ಅದು ಏಳದಿದ್ದರೆ ದೊಡ್ಡದೂ ಏಳುವುದಿಲ್ಲವಂತೆ. ನಾನು ಬೆಂಗಳೂರಿನಿಂದ ಇಂಜಿನಿಯರು ಬರುವುದು, ಗೂಡು ಒಡೆದು ಚಿಟ್ಟೆಗಳು ಊರೆಲ್ಲ ಹಾರಾಡುವುದು ಎಲ್ಲವನ್ನೂ ಕಣ್ಣಮುಂದೆ ಕಂಡೆ. ಭಾವ ಮಾತ್ರ, ಈಗಲೂ ವಾರಕ್ಕೊಮ್ಮೆ ಸುಮ್ಮನೆ ಸ್ಟಾರ್ಟ್ ಮಾಡಿಡುತ್ತಿದ್ದ ತಮ್ಮ ಹಳೆ ಆಟೋವನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಿಸಿದರು. ಫೋನಿನವನು ಹೇಳಿದ ಜಾಗಗಳನ್ನು ಬೆರಳಲ್ಲೇ ತಡವಿ ಹುಡುಕಿ, ಅದರ ಬ್ಯಾಟರಿಯಿಂದ ಇದಕ್ಕೆ ವೈರು ಕೊಟ್ಟರು. ಕಾರು ಮಿಣುಕೆಂದಿತು.

"ಮೇಷ್ಟ್ರೇ, ಈಗ ಹತ್ರ ಬರಬೋದು" ಎಂದರು. ನಾನು ಬಾವಿಕಟ್ಟೆಯ ಹಿಂದೆ ನಿಂತಿದ್ದು ಕಣ್ಣು ಕಾಣದವರಿಗೆ ಹೇಗೆ ಗೊತ್ತಾಯಿತೋ.

ಮಾರನೆಯ ಬೆಳಿಗ್ಗೆಯೇ ನಾನು ಮೊದಲು ಹೇಳಿದ ಪ್ರಯಾಣ. ಮುಂದೆ ಅಕ್ಕ, ಪಕ್ಕದಲ್ಲಿ ಭಾವ. ಹಿಂದೆ ಗೂಡಿನ ಚೀಲಗಳು, ಉಳಿದ ಜಾಗದಲ್ಲಿ ನಾಲ್ಕಾಗಿ ಮಡಚಿದ ನಾನು. ಚಾರ್ಜು ಮುಗಿಯಲಿಲ್ಲ. ಬೆಂಕಿ ಹತ್ತಲಿಲ್ಲ. ಕುರಿಗಳು ಬಂದವು, ಅಕ್ಕ ನಿಲ್ಲಿಸಿದಳು, ಅವು ಹೋದವು. ಪೊಲೀಸಿನವರು ಡ್ರೈವರ್ ಸೀಟಿನಲ್ಲಿದ್ದ ಕುಂಕುಮ, ಮೂಗುಬಟ್ಟು ನೋಡಿ ಬೆರಗಾಗಿ ಕೈ ಬೀಸಿ ಕಳಿಸಿದರು. ಭಾವ ಒಂದೊಂದು ತಿರುವಿಗೂ "ಈಗ ಹುಣಸೆಮರ, ಎಡಕ್ಕೆ ಹಳ್ಳ ಇದೆ, ಹುಷಾರು" ಎನ್ನುತ್ತಿದ್ದರು. ಒಂದೂ ತಪ್ಪಲಿಲ್ಲ. ಶಿಡ್ಲಘಟ್ಟ ಬಂದೇಬಿಟ್ಟಿತು. ಇನ್ನು ಹುಳು ನಿಲ್ಲಿಸುವ ಮಾತಿಲ್ಲ ಎಂದು ನನಗೂ ಧೈರ್ಯ ಬಂತು.

ಕೆಟ್ಟದ್ದು ಒಂದೇ, ಅದೂ ಚಿಕ್ಕದು.

ಭಾವ ಗಾಡಿ ಓಡಿಸುತ್ತಿದ್ದ ಮೂವತ್ತು ವರ್ಷವೂ ಮಾರುಕಟ್ಟೆಯ ಗೇಟಿನಲ್ಲಿ ನಡೆದದ್ದು ಒಂದೇ ಕ್ರಮ. ಗಾಡಿ ನಿಂತ ಕೂಡಲೇ ಅಕ್ಕ ಒಂದು ಚೀಲ ಹೊತ್ತು ಒಳಗೆ ಜಾಗ ಹಿಡಿಯಲು ಓಡುವುದು, ಭಾವ ಗಾಡಿಯನ್ನು ಪಕ್ಕಕ್ಕೆ ಹಾಕಿ ಬರುವುದು. ಅಂದೂ ಗಾಡಿ ನಿಂತಿತು. ಅಕ್ಕ ಇಳಿದಳು, ಚೀಲ ಹೆಗಲಿಗೇರಿಸಿದಳು, "ಕಾಂಪೌಂಡ್ ಪಕ್ಕ ಹಾಕ್ಬನ್ನಿ" ಎಂದು ತಿರುಗಿಯೂ ನೋಡದೆ ಹೋದಳು.

"ಹೂಂ" ಎಂದರು ಭಾವ. ಮೆಲ್ಲಗೆ ಇಳಿದರು. ಕಾರಿನ ಮೂತಿಯ ಮೇಲೆ ಕೈಯಾಡಿಸುತ್ತ ಸುತ್ತಿಕೊಂಡು ಬಂದು, ಬಾಗಿಲು ತೆಗೆದು, ಡ್ರೈವರ್ ಸೀಟಿನಲ್ಲಿ ಕೂತು, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟರು. ಕೀ ಅಕ್ಕನ ಸೊಂಟದಲ್ಲಿತ್ತು.

ಹತ್ತು ಹೆಜ್ಜೆ ಹೋದ ಅಕ್ಕ ತಟ್ಟನೆ ನಿಂತಳು. ಹಿಂದಿರುಗಿ ಬಂದು ಕಿಟಕಿಯ ಹತ್ತಿರ ಒಂದು ಗಳಿಗೆ ನೋಡಿದಳು. ಆಮೇಲೆ ಆಚೆ ಕಡೆ ಸುತ್ತಿ ಹೋಗಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಭಾವನ ಪಕ್ಕದಲ್ಲಿ ಕೂತಳು.

"ಜನ ಜಾಸ್ತಿ ಇದಾರೆ. ಸ್ವಲ್ಪ ತಾಳಿ ಹೋಗಣ" ಎಂದಳು.

"ಆಗಲಿ" ಎಂದರು ಭಾವ.

ಹಿಂದೆ ನಿಂತ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಚೀಲಗಳ ಸಂದಿಯಿಂದ ಬಿಡಿಸಿಕೊಂಡು ಇಳಿದು, ಅವನ ಹತ್ತಿರ ಹೋಗಿ ಹೇಳಿದೆ:

"ಒಂದ್ನಿಮಿಷ ತಾಳಪ್ಪ. ನಮ್ಮ ಭಾವ ಈಗ ತೆಗೀತಾರೆ."